ಯಾವ ಕರ್ವ್ ತಗೊಳ್ಲಿ ಅಂತ ಕೇಳೋರಿಗೆ, ಮೊದಲು ಹಳೇ ಸ್ಟಿಕ್ ತೋರ್ಸಿ ಅಂತೀನಿ

ಐಸ್ ಹಾಕಿ ಸಾಮಾನಿನ ಅಂಗಡೀಲಿ ಸ್ಟಿಕ್ ಕೌಂಟರ್ ನಂದು. ಬಹಳ ಜನ ಒಳಗೆ ಬರ್ತಾ ಬರ್ತಾನೇ ಕೇಳೋದು "ಪಿ28 ಇದ್ಯಾ" ಅಂತ. ಪಿ28 ಅಂದ್ರೆ ಬ್ಲೇಡಿನ (ಸ್ಟಿಕ್ ಕೆಳಗಿನ ಚಪ್ಪಟೆ ಭಾಗದ) ಒಂದು ಕರ್ವ್, ಅಂದ್ರೆ ಬಾಗಿನ ನಮೂನೆ. ಯಾಕೆ ಅದೇ ಬೇಕು ಅಂದ್ರೆ, ವಿಡಿಯೋ ನೋಡಿದೆ, ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಹೆಂಗೆ ಸುಯ್ ಅಂತ ಮೇಲಕ್ಕೆ ಹೋಗತ್ತೆ ಗೊತ್ತಾ ಅಂತಾರೆ. ಸರಿನಪ್ಪಾ, ಹೋಗತ್ತೆ. ಪಿ28ರಲ್ಲಿ ಬಾಗು ಪೂರ್ತಿ ತುದೀಲಿ, ಅಂದ್ರೆ ಟೋ ಕಡೆ ಇರತ್ತೆ, ಫೇಸ್ ಓಪನ್, ಅಂದ್ರೆ ಬ್ಲೇಡ್ ಮುಖ ಮೇಲಕ್ಕೆ ವಾಲಿರತ್ತೆ, ಪಕ್ಕನ್ನ ತುದಿಗೆ ಎಳ್ಕೊಂಡು ಟಕ್ ಅಂತ ಬಿಟ್ರೆ ಗೋಲ್‌ಕೀಪರ್ ಭುಜದ ಮೇಲೆ ಹೋಗತ್ತೆ. ಆದ್ರೆ ಅದೇ ಬ್ಲೇಡಲ್ಲಿ ಬ್ಯಾಕ್‌ಹ್ಯಾಂಡ್ (ಬ್ಲೇಡಿನ ಹಿಂಬದಿಯಿಂದ) ಹೊಡೀರಿ ನೋಡೋಣ, ಪಕ್ ತುದಿಯಿಂದ ಜಾರ್ಕೊಂಡು ಎಲ್ಲಿಗೋ ಹೋಗಿರತ್ತೆ, ಪಾಸ್ ಕೊಟ್ರೆ ಬೇಡದೇ ಇರೋವಾಗ್ಲೂ ಗಾಳೀಲಿ ಏಳತ್ತೆ, ಹಿಡ್ಕೊಳ್ಳೋನು ಬೈಕೋತಾನೆ.

ಅದಕ್ಕೇ ಕೌಂಟರ್‌ಗೆ ಹೊಸದಾಗಿ ಸೇರೋ ಹುಡುಗರಿಗೆ ನಾನು ಮೊದಲು ಹೇಳೋದು, ರ‍್ಯಾಕ್ ಕಡೆ ಕೈ ತೋರಿಸ್ಬೇಡ, ಹಳೇ ಸ್ಟಿಕ್ ಕೇಳು ಅಂತ. ಗಿರಾಕಿ ಬಾಯಲ್ಲಿ ಏನ್ ಬೇಕಾದ್ರೂ ಹೇಳ್ತಾನೆ, ಬ್ಲೇಡಿಗೆ ಸುತ್ತಿರೋ ಟೇಪ್ ಸವೆದಿರೋದು ಮಾತ್ರ ನಿಜ ಹೇಳತ್ತೆ. ಬ್ಲೇಡ್ ಕೆಳಗಡೆ ಟೇಪ್ ಹೀಲ್ ಹತ್ರನೇ, ಅಂದ್ರೆ ಹಿಡಿಕೆ ಸೇರೋ ಕಡೆ, ಜಾಸ್ತಿ ಸವೆದಿದ್ರೆ ಆಡೋವಾಗ ತುದಿ ಐಸಿಂದ ಎದ್ದಿರತ್ತೆ ಅಂತರ್ಥ, ಅವ್ರಿಗೆ ಲೈ ಕಮ್ಮಿ ಇರೋದು ಬೇಕು, ಇಲ್ಲಾ ಶಾಫ್ಟ್, ಅಂದ್ರೆ ಹಿಡಿಕೆ ಕೋಲು, ಉದ್ದ ಆಗಿದೆ ಸ್ವಲ್ಪ ಕಟ್ ಮಾಡ್ಬೇಕು. ಟೋ ಕಡೆ ಸವೆದಿದ್ರೆ ಉಲ್ಟಾ, ಲೈ ಜಾಸ್ತಿ ಬೇಕು. ಲೈ ಅಂದ್ರೆ ಶಾಫ್ಟಿಗೂ ಬ್ಲೇಡಿಗೂ ನಡುವಿನ ಕೋನ, ಸಾಮಾನ್ಯವಾಗಿ 5, 6 ಅಂತ ನಂಬರ್ ಹಾಕಿರ್ತಾರೆ, ನಂಬರ್ ಏರಿದಷ್ಟೂ ಸ್ಟಿಕ್ ನೆಟ್ಟಗೆ ನಿಲ್ಲತ್ತೆ. ಇದನ್ನ ಯಾರೂ ಕೇಳಲ್ಲ, ಎಲ್ಲರಿಗೂ ಕರ್ವ್ ಮಾತ್ರ ಬೇಕು! ಬ್ಲೇಡ್ ಐಸ್ ಮೇಲೆ ಸಮ ಕೂತ್ಕೊಳ್ದೇ ಇದ್ರೆ ಎಂಥಾ ಕರ್ವ್ ಇದ್ದೂ ಏನ್ ಉಪಯೋಗ.

ಆಮೇಲೆ ಬ್ಲೇಡ್ ಮುಖದ ಮೇಲೆ ಪಕ್ಕಿನ ಕಪ್ಪು ಗುರುತು ನೋಡ್ತೀನಿ. ಹೀಲ್ ಕಡೆ ಗುಂಪಾಗಿದ್ರೆ ಆತ ಸ್ಲಾಪ್ ಶಾಟ್ (ಸ್ಟಿಕ್ ಎತ್ತಿ ಜೋರಾಗಿ ಬೀಸೋ ಹೊಡೆತ), ಉದ್ದ ಪಾಸ್ ಆಡೋನು, ಬಹುಶಃ ಡಿಫೆನ್ಸು, ಅವನಿಗೆ ತುದಿ ಕರ್ವ್ ಕೊಟ್ರೆ ದುಡ್ಡು ದಂಡ. ಮಧ್ಯದಲ್ಲಿದ್ರೆ ಪಿ88 ತೋರಿಸ್ತೀನಿ, ಫೇಸ್ ಅಷ್ಟು ಓಪನ್ ಇಲ್ಲ, ಪಾಸ್ ನೆಲಕ್ಕೇ ಅಂಟ್ಕೊಂಡು ಹೋಗತ್ತೆ, ಬ್ಯಾಕ್‌ಹ್ಯಾಂಡೂ ಬರತ್ತೆ. ಇನ್ನೂ ಗೊತ್ತಾಗ್ತಿಲ್ಲ ಅನ್ನೋರಿಗೆ ಬೌವರ್ ಕಂಪನಿಯ ಪಿ92, ಅದನ್ನೇ ಸಿಸಿಎಂ ಕಂಪನಿಯೋರು ಪಿ29 ಅಂತ ಮಾರ್ತಾರೆ, ಹೆಚ್ಚುಕಮ್ಮಿ ಒಂದೇ, ಬೌವರ್ ಒಳ್ಳೇದಾ ಸಿಸಿಎಂ ಒಳ್ಳೇದಾ ಅಂತ ಕರ್ವ್ ವಿಷಯದಲ್ಲಿ ಜಗಳ ಆಡೋದು ಸುಮ್ನೆ.

ಕರ್ವ್ ಜಾಸ್ತಿ ಇದ್ರೆ ಲೀಗಲ್ಲಾ ಅಂತಾನೂ ಕೇಳ್ತಾರೆ. ಎನ್‌ಎಚ್‌ಎಲ್‌ನಲ್ಲಿ (ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಬಾಗಿನ ಲಿಮಿಟ್ ಮೊದಲು ಅರ್ಧ ಇಂಚು ಇತ್ತು, 2006-07ರ ಸೀಸನ್ನಿಂದ ಮುಕ್ಕಾಲು ಇಂಚು. 1993ರ ಸ್ಟಾನ್ಲಿ ಕಪ್ (ಆ ಲೀಗಿನ ಚಾಂಪಿಯನ್ ಕಪ್) ಫೈನಲ್ ಎರಡನೇ ಮ್ಯಾಚಲ್ಲಿ ಮಾಂಟ್ರಿಯಲ್ ತಂಡದೋರು ಲಾಸ್ ಏಂಜಲೀಸ್ ಆಟಗಾರ ಮಾರ್ಟಿ ಮೆಕ್‌ಸಾರ್ಲಿ ಬ್ಲೇಡ್ ಅಳತೆ ಹಾಕ್ಸಿದ್ರು ನೋಡಿ, ಜಾಸ್ತಿ ಬಾಗಿತ್ತು, ಪೆನಾಲ್ಟಿ ಬಿತ್ತು, ಲಾಸ್ ಏಂಜಲೀಸ್ 2-1 ಮುಂದಿದ್ದಿದ್ದು ಮಾಂಟ್ರಿಯಲ್ ಸಮ ಮಾಡಿ ಓವರ್‌ಟೈಮಲ್ಲಿ ಗೆದ್ಬಿಡ್ತು, ಆಮೇಲೆ ಕಪ್ಪನ್ನೂ ಎತ್ಕೊಂಡು ಹೋಯ್ತು. ಅಂಗಡೀಲಿ ಸಿಗೋ ರೆಡಿಮೇಡ್ ಪ್ಯಾಟರ್ನ್‌ಗಳು ಸಾಮಾನ್ಯವಾಗಿ ಲಿಮಿಟ್ ಒಳಗೇ ಇರ್ತವೆ, ತಲೆ ಕೆಡಿಸ್ಕೋಬೇಡಿ. ಮರದ ಬ್ಲೇಡ್ ಕಾಲದಲ್ಲಿ ಬಿಸಿ ಮಾಡಿ ಮನಸ್ಸಿಗೆ ಬಂದಂಗೆ ಬಗ್ಗಿಸ್ತಿದ್ರು, ಈಗಿನ ಕಾರ್ಬನ್ ಫೈಬರ್ ಕಾಂಪೋಸಿಟ್‌ಗೆ ಹಂಗೆ ಮಾಡಕ್ಕೆ ಹೋದ್ರೆ ಸ್ಟಿಕ್ಕೇ ಹಾಳು, ಅದಕ್ಕೇ ತಗೊಳ್ಳೋವಾಗ್ಲೇ ಸರಿಯಾಗಿ ಆರಿಸ್ಬೇಕು.

ಮಕ್ಕಳಿಗೆ, ಈಗಷ್ಟೇ ಶುರು ಮಾಡೋರಿಗೆ ಮಾತ್ರ ನಾನು ಸ್ವಲ್ಪ ಹಟ ಮಾಡ್ತೀನಿ, ಆದಷ್ಟು ಕಮ್ಮಿ ಬಾಗಿರೋದೇ ತಗೊಳ್ಳಿ ಅಂತ. ಬ್ಲೇಡಿನ ಎರಡೂ ಬದೀಲಿ ಪಕ್ ಹಿಡಿಯೋದು ಕಲೀಲಿ ಮೊದಲು. ಅಪ್ಪಂದಿರಿಗೆ ಇದು ಇಷ್ಟ ಆಗಲ್ಲ, ಮಗ ಟಾಪ್ ಶೆಲ್ಫ್, ಅಂದ್ರೆ ನೆಟ್ಟಿನ ಮೇಲ್ಭಾಗಕ್ಕೇ, ಹೊಡೀಬೇಕು ಅವ್ರಿಗೆ.

ಇನ್ನು ಕರ್ವ್ ಬದಲಾಯಿಸ್ಲೇಬೇಕು ಅಂತ ಬಂದೋರಿಗೆ ಹೇಳೋದು ಇಷ್ಟೇ, ಫ್ಲೆಕ್ಸು (ಶಾಫ್ಟ್ ಎಷ್ಟು ಬಳುಕತ್ತೆ ಅನ್ನೋದು), ಉದ್ದ ಎರಡೂ ಹಳೇದೇ ಇರ್ಲಿ, ಕರ್ವ್ ಒಂದನ್ನೇ ಬದಲಾಯಿಸಿ. ಮೂರೂ ಒಟ್ಟಿಗೆ ಬದಲಾಯಿಸಿದ್ರೆ ಪಕ್ ನೆಟ್ ಮೇಲಿಂದ ಹಾರೋವಾಗ ಯಾವುದರ ತಪ್ಪು ಅಂತ ನಿಮಗೂ ಗೊತ್ತಾಗಲ್ಲ, ವಾಪಸ್ ಬಂದಾಗ ನನಗೂ ಗೊತ್ತಾಗಲ್ಲ.