ಯಾವ ಪೆನ್ಸಿಲ್ ಅಂತ ಕೇಳಬೇಡಿ

ಆನೆಗೊಂದಿ ಕಡೆಯ ಬಂಡೆ, ಪಕ್ಕದಲ್ಲಿ ಹೊಳೆ, ಬೇವಿನ ನೆರಳಿಗೆ ಮಲಗಿದ ಎತ್ತು. ಇಂಥ ಚಿತ್ರ ತೋರಿಸಿದಾಗೆಲ್ಲ ಒಂದೇ ಪ್ರಶ್ನೆ: "ನೋಡಿದ್ರ ಮನಸ್ಸು ತಣ್ಣಗಾಗ್ತದ್ರೀ. ಯಾವ ಪೆನ್ಸಿಲ್ಲಿಲೆ ತಗದೀರಿ?"

ಎಚ್‌ಬಿ, 2ಬಿ, 6ಬಿ; ಈ ಸಾಲಿನಲ್ಲಿ ಮುಂದೆ ಹೋದಂತೆ ಸೀಸ ಮೆತ್ತಗೆ, ಗೆರೆ ಕಪ್ಪು. ಕಾಗದ 150 ಜಿಎಸ್‌ಎಂ, ಅಂದರೆ ಬರೆಯುವ ಹಾಳೆಗಿಂತ ದಪ್ಪ. ಆಯ್ತಲ್ಲ? ಇಷ್ಟು ಬರೆದುಕೊಂಡು ಹೋದವರೇ ವಾರ ಬಿಟ್ಟು ಬಂದು "ಬರವಲ್ದ್ರೀ" ಅನ್ನುತ್ತಾರೆ. ಬರುವುದಿಲ್ಲ. ಅದೇ ಮೂರು ಪೆನ್ಸಿಲ್‌ನಲ್ಲಿ ಸಂತೆಯ ಗದ್ದಲವನ್ನೂ ತೆಗೆಯಬಹುದು.

ಕೇಳಬೇಕಾದದ್ದು ಬೇರೆ: ಭಾರ ಎಲ್ಲಿ ಕೂತಿದೆ?

ಬಂಡೆ ನೆಲ ಮುಟ್ಟುವಲ್ಲಿ, ಎತ್ತಿನ ಹೊಟ್ಟೆಯ ಕೆಳಗೆ, ದಡದಲ್ಲಿ ಬೋರಲು ಹಾಕಿದ ಹರಿಗೋಲಿನ ಅಂಚಿನಡಿ, ಬೆಳಕು ಹೊಗದ ಸಣ್ಣ ಸಂದು ಇರುತ್ತದೆ. ಚಿತ್ರದ ಅತಿ ಕಪ್ಪು ಅಲ್ಲೇ ಬರಬೇಕು. 6ಬಿ ಇರುವುದು ಅಷ್ಟಕ್ಕೇ. ಒಂದು ದಾರದಷ್ಟು ದಪ್ಪ ಸಾಕು, ಮಣ್ಣಿನ ಕಡೆ ಹೋದಂತೆ ಮಾಸಬೇಕು. ಅದಿಲ್ಲದಿದ್ದರೆ ಎಂಥ ಚಂದದ ಎತ್ತೂ ಗಾಳಿಯಲ್ಲಿ ತೇಲುತ್ತದೆ, ನೋಡುವವರ ಕಣ್ಣಿಗೂ ನೆಮ್ಮದಿ ಇರುವುದಿಲ್ಲ.

ಎತ್ತಿನ ಮುಂಗಾಲೆರಡನ್ನೂ ನಾಯಿಯ ಹಾಗೆ ಮುಂದೆ ಚಾಚಿಸುವವರು ಬಹಳ. ಎತ್ತು ಸಾಮಾನ್ಯವಾಗಿ ಮುಂಗಾಲು ಎದೆಯಡಿ ಮಡಚಿ, ಹಿಂಗಾಲು ಒಂದು ಮಗ್ಗುಲಿಗೆ ಬಿಟ್ಟು ಮಲಗುತ್ತದೆ. ಅದಕ್ಕೇ ಸೊಂಟ ಒಂದು ಕಡೆ ವಾಲಿರುತ್ತದೆ. ಆ ವಾಲು ಸಿಕ್ಕರೆ ಅರ್ಧ ಚಿತ್ರ ಸಿಕ್ಕಂತೆ.

ಬಂಡೆಗಳನ್ನು ಎಲ್ಲಿಂದಲೋ ಉರುಳಿ ಬಂದವುಗಳಂತೆ ಚೆಲ್ಲಾಪಿಲ್ಲಿ ಹಾಕಬೇಡಿ, ದಯವಿಟ್ಟು. ನಮ್ಮ ಕಡೆಯ ಗ್ರಾನೈಟ್ ಗುಂಡುಗಳು ಬಹುಪಾಲು ಇದ್ದಲ್ಲೇ ಉರುಟಾದವು. ಒಂದೇ ಕಲ್ಲಿನಲ್ಲಿ ಸೀಳು ಬಿದ್ದು, ಸೀಳಿಗೆ ನೀರಿಳಿದು, ಮೂಲೆಗಳು ಮೊದಲು ಸವೆದವು. ಹಾಗಾಗಿ ಒಂದರ ಮೇಲೊಂದು ಕೂತವುಗಳ ಸೀಳುಗಳು ಸಾಲು ಹಿಡಿದಿರುತ್ತವೆ. ಮೊದಲು ಎಚ್‌ಬಿಯಲ್ಲಿ ಆ ಸಾಲು ಎಳೆಯಿರಿ, ಮೂಲೆ ಆಮೇಲೆ ಉರುಟು ಮಾಡಿ.

ನಿಂತ ನೀರಿಗೆ 2ಬಿಯ ಅಡ್ಡ ಗೆರೆ ಮಾತ್ರ. ಬಂಡೆಯ ಬಿಂಬ ನೇರ ಕೆಳಗೇ ಬೀಳಬೇಕು, ಕಪ್ಪು ಭಾಗ ನೀರಿನಲ್ಲಿ ಒಂದು ಛಾಯೆ ತಿಳಿಯಾಗಬೇಕು. ಬೆರಳಿನಿಂದ ತಿಕ್ಕಬೇಡಿ. ಬೆರಳಿನ ಜಿಡ್ಡು ಹತ್ತಿದ ಮೇಲೆ ರಬ್ಬರ್ ಹಾಕಿದರೂ ಕಲೆ ಪೂರ್ತಿ ಹೋಗುವುದಿಲ್ಲ.

ಹೊರಗೆ ಕೂತು ತೆಗೆಯುವುದಾದರೆ ಬೆಳಿಗ್ಗೆ 8ರೊಳಗೆ, ಇಲ್ಲವೇ ಸಂಜೆ 4ರ ಮೇಲೆ. ಕಾಗದವೂ ನೆರಳಲ್ಲಿರಲಿ, ಬಿಸಿಲು ಬಿದ್ದ ಕಾಗದದ ಮೇಲೆ ಕಪ್ಪಿನ ಅಂದಾಜು ತಪ್ಪುತ್ತದೆ. ಮೊದಲ 5 ನಿಮಿಷದಲ್ಲಿ ನೆರಳಿನ ಅಂಚು ಗುರುತು ಹಾಕಿ, ಆಮೇಲೆ ಅದು ಎಷ್ಟೇ ಸರಿದರೂ ಬದಲಿಸಬೇಡಿ. ಸರಿದಂತೆಲ್ಲ ತಿದ್ದಿದರೆ ಬಂಡೆಯ ನೆರಳು ಒಂದು ದಿಕ್ಕಿಗೆ, ಎತ್ತಿನ ನೆರಳು ಇನ್ನೊಂದು ದಿಕ್ಕಿಗೆ ಬಿದ್ದಿರುತ್ತದೆ.