ಹಿಂದಿನ ಸಾಲಿನ ಮಗುವೂ ಇಡೀ ಪುಟ ಓದಬೇಕು

'ಪಾಪ, ಮನೆಯಲ್ಲಿ ಹೇಳಿಕೊಡೋರಿಲ್ಲ, ಅಕ್ಷರ ಗುರುತಿಸಿದ್ರೆ ಸಾಕು.' ಸರ್ಕಾರಿ ಶಾಲೆಯ ಮಕ್ಕಳ ಓದಿಗೆ ಮೊದಲ ಪೆಟ್ಟು ಬೀಳುವುದು ಈ ಕನಿಕರದಿಂದಲೇ. ಮೇಷ್ಟ್ರು ಸಾಕು ಅಂದಲ್ಲಿಗೆ ಮಗುವಿನ ಓದೂ ನಿಲ್ಲುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಆಟ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿಯಲ್ಲಿ, ಮೊದಲು ಬರುವುದು ಅ, ಆ, ಇ ಅಲ್ಲ. ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ವರ್ಣಮಾಲೆ ಪೂರ್ತಿ ಮುಗಿಯುವ ತನಕ ಪದಕ್ಕಾಗಿ ಕಾಯುವುದೇ ಬೇಡ.

ಕಾಗುಣಿತ ಅಭ್ಯಾಸದಿಂದ ಬರುತ್ತದೆ. ಗಂಟಿರುವುದು ಒತ್ತಕ್ಷರದಲ್ಲಿ. 'ಧರ್ಮ'ವನ್ನು 'ಧಮ್ರ' ಎಂದು ಓದುವ ಮಗು ದಡ್ಡನಲ್ಲ, ಕಂಡಿದ್ದನ್ನು ಕಂಡ ಹಾಗೆ ಓದುತ್ತಿದೆ: ಅರ್ಕಾವತ್ತು ಬರೆಯುವಾಗ ಮ ಆದಮೇಲೆ, ಹೇಳುವಾಗ ಮೊದಲು. 'ಧರ್ಮ', 'ಚಕ್ರ' ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಕೆಳಗೆ ಧ-ರ್-ಮ, ಚ-ಕ್-ರ ಎಂದು ಬಿಡಿಸಿ ತೋರಿಸಿ. ತ, ನ, ಮ, ಯ, ರ, ಲ ಒತ್ತುಗಳಿಗೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಕಡಿಮೆ. ದಿನಕ್ಕೊಂದೇ ಸಾಕು, ಅದೂ ಬಾಯಲ್ಲಿ ಆಗಲೇ ಇರುವ ಪದದಿಂದ: ಅಮ್ಮ, ಅನ್ನ, ಹಲ್ಲು.

ಹಿಂದುಳಿದವರಿಗೆ ಒತ್ತಕ್ಷರವಿಲ್ಲದ ಪಾಠ ಕೊಡುವುದು ಒಂದೆರಡು ವಾರಕ್ಕೆ ಸರಿ. ವರ್ಷವಿಡೀ ಹಾಗೇ ಮಾಡಿದರೆ ನಾಲ್ಕನೇ ತರಗತಿಯ ಪುಸ್ತಕ ತೆರೆದ ದಿನ ಆ ಮಗು ಕೈಚೆಲ್ಲುತ್ತದೆ.

ಮಗು ಒಂದು ಪದದ ಹತ್ತಿರ ನಿಂತಾಗ ಪಕ್ಕದವರು ಕೂಗಿ ಹೇಳಿಬಿಡುತ್ತಾರೆ, ಅದನ್ನು ತಡೆಯಿರಿ. ಮನಸ್ಸಲ್ಲೇ ಐದರವರೆಗೆ ಎಣಿಸಿ. ಆಗಲೂ ಬರದಿದ್ದರೆ ಪದದ ಅರ್ಧ ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಓದಿಸಿ. ಪದ ಸಿಕ್ಕಮೇಲೆ ಇಡೀ ವಾಕ್ಯ ಮೊದಲಿಂದ ಓದಲಿ. ಇಲ್ಲದಿದ್ದರೆ ಪದ ಬಂತು, ಅರ್ಥ ಹೋಯಿತು.

ಎಲ್ಲರೂ ಒಟ್ಟಿಗೆ ಕೂಗಿ ಓದುವ ಪದ್ಧತಿಯನ್ನು ನಾನಂತೂ ನಂಬುವುದಿಲ್ಲ. ಬಾರದವರು ಆ ದನಿಯೊಳಗೆ ಅಡಗಿಕೊಳ್ಳುತ್ತಾರೆ. ಹಿಂದೆಂದೂ ನೋಡಿರದ ಸುಮಾರು 50 ಪದಗಳ ತುಣುಕನ್ನು ಒಬ್ಬೊಬ್ಬರಿಂದಲೇ ಒಂದು ನಿಮಿಷ ಓದಿಸಿ. 30 ಮಕ್ಕಳಿದ್ದರೆ ದಿನಕ್ಕೆ ಐದು ಮಂದಿ, ಶನಿವಾರಕ್ಕೆ ಒಂದು ಸುತ್ತು ಮುಗಿಯಿತು. ಅಂಕ ಬೇಡ, ಎಡವಿದ ಅಕ್ಷರ ಬರೆದಿಡಿ. ಮುಂದಿನ ವಾರದ ಪಾಠ ಅದೇ. ಬಾಯಿಪಾಠದ ಅನುಮಾನ ಬಂದರೆ ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಿ ನೋಡಿ.

ಓದಿದ ಮೇಲೆ 'ಯಾರು', 'ಎಲ್ಲಿ'ಗಳಿಗೇ ನಿಲ್ಲಿಸದೆ 'ಅವಳು ಯಾಕೆ ಹಾಗೆ ಮಾಡಿದಳು?' ಎಂದೂ ಕೇಳಿ. ಆ ಪ್ರಶ್ನೆ ಮೊದಲು ಹೋಗಬೇಕಾದ್ದು ಹಿಂದಿನ ಸಾಲಿಗೆ.