ಭಾರೀ ಕಚ್ಚಾ ತೈಲದ ಡಿಸ್ಕೌಂಟ್: ನಾನು ಬಿಟ್ಟುಬಿಟ್ಟಿದ್ದ ಲೆಕ್ಕ
2018ರ ಕೊನೆಯ ತಿಂಗಳುಗಳಲ್ಲಿ ನಾನು ಬೆಂಗಳೂರಿನ ಒಂದು ಹೂಡಿಕೆ ಸಂಶೋಧನಾ ಕಚೇರಿಯಲ್ಲಿ ಕೆನಡಾದ ತೈಲ ಕಂಪನಿಗಳ ವರದಿ ಬರೆಯುತ್ತಿದ್ದೆ. ಅಲ್ಲಿನ ಭಾರೀ ತೈಲದ ಅಳತೆಗೋಲು ವೆಸ್ಟರ್ನ್ ಕೆನಡಿಯನ್ ಸೆಲೆಕ್ಟ್, ಅಂದರೆ ಡಬ್ಲ್ಯುಸಿಎಸ್; ಅದರ ಬೆಲೆ ನಿಗದಿಯಾಗುವುದು ಆಲ್ಬರ್ಟಾ ಪ್ರಾಂತ್ಯದ ಹಾರ್ಡಿಸ್ಟಿಯಲ್ಲಿ. ಆ ಅಕ್ಟೋಬರ್‌ನಲ್ಲಿ ಅಮೆರಿಕದ ಹಗುರ ತೈಲದ ಅಳತೆಗೋಲಾದ ಡಬ್ಲ್ಯುಟಿಐಗೂ ಅದಕ್ಕೂ ನಡುವಿನ ಅಂತರ, ಅಂದರೆ ಭಾರೀ ತೈಲದ ಡಿಸ್ಕೌಂಟ್, ಬ್ಯಾರೆಲ್ಲಿಗೆ 40 ಡಾಲರ್ ದಾಟಿತ್ತು. ನಾನು ಒಂದು ಕಂಪನಿಯ ಬಿಟುಮೆನ್ (ಡಾಂಬರಿನಂತಹ ಗಟ್ಟಿ ಕಚ್ಚಾ ತೈಲ) ಉತ್ಪಾದನೆಯನ್ನು ಡಬ್ಲ್ಯುಸಿಎಸ್ ಬೆಲೆಯಿಂದ ಗುಣಿಸಿ, ಪೈಪ್‌ಲೈನ್ ಬಾಡಿಗೆಯನ್ನು ಕಳೆದು, ಆದಾಯದ ಅಂದಾಜನ್ನು ಹಿರಿಯ ವಿಶ್ಲೇಷಕಿಯವರಿಗೆ ಕಳುಹಿಸಿದೆ.

ಅವರು ನನ್ನನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಇವರು ಮಾರಿದ ಬ್ಯಾರೆಲ್‌ನೊಳಗೆ ಏನೇನಿದೆ?"

ನಮ್ಮ ಸಿದ್ದಾಪುರದ ಕಡೆ ಚಳಿಗಾಲದ ಬೆಳಿಗ್ಗೆ ಜೋನಿಬೆಲ್ಲದ ಡಬ್ಬಿಯನ್ನು ಬೋರಲು ಹಿಡಿದರೂ ಬೆಲ್ಲ ಇಳಿಯುವುದಿಲ್ಲ. ಬಿಟುಮೆನ್ ಅದಕ್ಕಿಂತಲೂ ಗಟ್ಟಿ. ಅದು ಪೈಪಿನಲ್ಲಿ ಹರಿಯಬೇಕಾದರೆ ಕಂಡೆನ್ಸೇಟ್ ಎಂಬ ತೆಳು ತೈಲವನ್ನು ಮಿಶ್ರಣದ ಸುಮಾರು ಶೇ. 30ರಷ್ಟು ಬೆರೆಸಬೇಕು, ಮತ್ತು ಆ ಕಂಡೆನ್ಸೇಟ್ ಸಾಮಾನ್ಯವಾಗಿ ಡಬ್ಲ್ಯುಟಿಐ ಆಸುಪಾಸಿನ ಬೆಲೆಗೆ ಸಿಗುವ ದುಬಾರಿ ಸರಕು.

ಮೇಡಂ ನನ್ನ ನೋಟ್‌ಬುಕ್ಕಿನಲ್ಲೇ ಲೆಕ್ಕ ಬರೆದರು. ಡಬ್ಲ್ಯುಟಿಐ ಮತ್ತು ಕಂಡೆನ್ಸೇಟ್ ಎರಡೂ 60 ಡಾಲರ್, ಡಬ್ಲ್ಯುಸಿಎಸ್ 45 ಡಾಲರ್ ಎಂದಿಟ್ಟುಕೊಳ್ಳೋಣ. ಡಬ್ಲ್ಯುಸಿಎಸ್ ಬೆಲೆಗೆ ಮಾರಾಟವಾಗುವ ಒಂದು ಬ್ಯಾರೆಲ್ ಮಿಶ್ರಣದಲ್ಲಿ ಕಂಡೆನ್ಸೇಟಿನ ಪಾಲು 18 ಡಾಲರ್. ಉಳಿದ 27 ಡಾಲರ್ 0.7 ಬ್ಯಾರೆಲ್ ಬಿಟುಮೆನ್‌ಗೆ ಸಂದದ್ದು. ಹಾಗಾದರೆ ಬಿಟುಮೆನ್‌ಗೆ ಬ್ಯಾರೆಲ್ಲಿಗೆ ಸಿಕ್ಕಿದ್ದು ಸುಮಾರು 38.60 ಡಾಲರ್. ಪತ್ರಿಕೆಯಲ್ಲಿ 15 ಡಾಲರ್ ಎಂದು ಅಚ್ಚಾಗುವ ಡಿಸ್ಕೌಂಟ್, ಉತ್ಪಾದಕನ ಕೈಯಲ್ಲಿ 21 ಡಾಲರಿಗಿಂತ ಹೆಚ್ಚಾಗುತ್ತದೆ. ಅದೇ ಅಂತರ 40 ಡಾಲರ್ ಆದರೆ ಬಿಟುಮೆನ್‌ಗೆ ಉಳಿಯುವುದು 3 ಡಾಲರಿಗೂ ಕಡಿಮೆ, ಅದೂ ಬಾಡಿಗೆ ಕಳೆಯುವ ಮೊದಲು. ಆ ಸಂಖ್ಯೆಯನ್ನು ಕಂಡಾಗ ನನ್ನ ವರದಿ ಹೂಡಿಕೆದಾರರ ಕೈ ಸೇರಿರಲಿಲ್ಲವಲ್ಲ ಎಂದು ನಿಜವಾಗಿಯೂ ಸಮಾಧಾನವಾಯಿತು.

ನನ್ನ ಎರಡನೆಯ ತಪ್ಪು, ಎಲ್ಲ ಕಂಪನಿಗಳಿಗೂ ಒಂದೇ ಸಾಗಣೆ ವೆಚ್ಚ ಹಾಕಿದ್ದು. ಪೈಪ್‌ಲೈನಿನಲ್ಲಿ ಇರುವ ಜಾಗಕ್ಕಿಂತ ಬೇಡಿಕೆ ಹೆಚ್ಚಾದಾಗ ಪ್ರತಿಯೊಬ್ಬರ ಪಾಲನ್ನೂ ಕತ್ತರಿಸಲಾಗುತ್ತದೆ. ಜಾಗ ಸಿಗದ ತೈಲ ಟ್ಯಾಂಕ್ ಸೇರಬೇಕು, ಇಲ್ಲವೇ ಪೈಪಿಗಿಂತ ಬಹಳ ದುಬಾರಿಯಾದ ರೈಲು ಹತ್ತಬೇಕು. ಭಾರೀ ತೈಲವನ್ನು ಲಾಭಕರವಾಗಿ ಸಂಸ್ಕರಿಸಲು ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿರುವಂತಹ, ಗಟ್ಟಿ ತೈಲವನ್ನು ಕಾಯಿಸಿ ಒಡೆಯುವ ಕೋಕರ್ ಘಟಕ ಬೇಕಾಗುವುದರಿಂದ ಕೊಳ್ಳುವವರೂ ಸೀಮಿತ. ಸ್ವಂತ ಸಂಸ್ಕರಣಾಗಾರವಿದ್ದ ಸನ್‌ಕೋರ್, ಇಂಪೀರಿಯಲ್‌ನಂತಹ ಕಂಪನಿಗಳು ಬಾವಿಯ ಬದಿಯಲ್ಲಿ ಕಳೆದುಕೊಂಡ ಹಣದ ದೊಡ್ಡ ಭಾಗವನ್ನು ಸಂಸ್ಕರಣೆಯಲ್ಲಿ ಮರಳಿ ಪಡೆದವು. ಕೇವಲ ಬಿಟುಮೆನ್ ತೆಗೆಯುವವರಿಗೆ ಆ ಆಸರೆ ಇರಲಿಲ್ಲ.

2018ರ ಡಿಸೆಂಬರ್‌ನಲ್ಲಿ ಆಲ್ಬರ್ಟಾದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತಹ ಹುದ್ದೆ) ರೇಚಲ್ ನಾಟ್ಲಿ, ಜನವರಿಯಿಂದ ದಿನಕ್ಕೆ 3,25,000 ಬ್ಯಾರೆಲ್ ಉತ್ಪಾದನೆ ಕಡಿತಗೊಳಿಸುವ ಆದೇಶ ಪ್ರಕಟಿಸಿದರು. ಅಂತರ ಕೂಡಲೇ ಕುಸಿಯಿತು, ಆದರೆ ಎಷ್ಟು ಕುಸಿಯಿತೆಂದರೆ ರೈಲಿನ ಬಾಡಿಗೆಯೇ ಗಿಟ್ಟದಂತಾಯಿತು. ಡಿಸ್ಕೌಂಟ್ ಇಳಿದದ್ದು ಎಲ್ಲರಿಗೂ ಒಳ್ಳೆಯ ಸುದ್ದಿ ಎಂದು ಬರೆಯುವ ಹುಮ್ಮಸ್ಸಿನಲ್ಲಿದ್ದ ನಾನು, ಈ ಬಾರಿ ಯಾರ ಬಳಿ ರೈಲು ಒಪ್ಪಂದಗಳಿವೆ ಎಂದು ಮೊದಲು ಹುಡುಕಿದೆ.

2024ರ ಮೇ 1ರಂದು ವಿಸ್ತೃತ ಟ್ರಾನ್ಸ್ ಮೌಂಟೇನ್ ಪೈಪ್‌ಲೈನ್ ಆರಂಭವಾಗಿ, ಎಡ್ಮಂಟನ್‌ನಿಂದ ಪೆಸಿಫಿಕ್ ಕರಾವಳಿಗೆ ಸಾಗಿಸುವ ಸಾಮರ್ಥ್ಯ ದಿನಕ್ಕೆ 3,00,000ದಿಂದ 8,90,000 ಬ್ಯಾರೆಲ್ಲಿಗೆ ಏರಿತು. ಅದರ ಸುಮಾರು ಶೇ. 80ರಷ್ಟು ಜಾಗ ದೀರ್ಘಾವಧಿ ಒಪ್ಪಂದಗಳಲ್ಲಿದೆ, ಮತ್ತು ನಿರ್ಮಾಣ ವೆಚ್ಚ ಏರಿದ್ದರಿಂದ ಬಾಡಿಗೆಯೂ ಮೊದಲಿನ ಅಂದಾಜನ್ನು ಮೀರಿದೆ. ಹೀಗಾಗಿ ಈಗ ನನ್ನ ಹಾಳೆಯಲ್ಲಿ ಪ್ರತಿ ಕಂಪನಿಗೂ ಕಂಡೆನ್ಸೇಟ್ ಖರೀದಿ, ಒಪ್ಪಂದದ ಜಾಗ, ಆ ಜಾಗ ಖಾಲಿ ಬಿದ್ದರೂ ಕಟ್ಟಬೇಕಾದ ಬಾಡಿಗೆ, ಇವುಗಳಿಗೆ ಬೇರೆ ಬೇರೆ ಸಾಲುಗಳಿವೆ. ಡಬ್ಲ್ಯುಸಿಎಸ್ ಬೆಲೆಯನ್ನು ತುಂಬುವುದು ಅವುಗಳ ನಂತರ.